ಸರದಿಯೊಳಗಿನ ಸರದಿ

ವೀಸಾ ವಿಳಂಬವನ್ನು ಆಡಳಿತದ ದೋಷವೆಂದು, ಅಂದರೆ ಸಿಬ್ಬಂದಿಯ ಕೊರತೆ, ಅರ್ಜಿಗಳ ರಾಶಿ, ಮೇಜಿನಿಂದ ಮೇಜಿಗೆ ಸಾಗುವ ಕಡತದ ನಿಧಾನಗತಿ ಇವುಗಳ ಫಲವೆಂದು ಪರಿಗಣಿಸುವುದು ರೂಢಿಯಾಗಿದ್ದು, ಆ ಲೆಕ್ಕದಲ್ಲಿ ಸರದಿಯಲ್ಲಿ ನಿಂತವರೆಲ್ಲರೂ ಸಮಾನ ದುಃಖಿಗಳು. ಬೇರೆ ಬೇರೆ ದೇಶಗಳ ಪೌರತ್ವವುಳ್ಳ ಸಲಿಂಗಿ ಜೋಡಿಗಳು ಅಮೆರಿಕದ ವಲಸೆ ವ್ಯವಸ್ಥೆಯಲ್ಲಿ ಕಂಡುಂಡದ್ದನ್ನು ಗಮನಿಸಿದರೆ ಈ ಲೆಕ್ಕ ನಿಲ್ಲುವುದಿಲ್ಲ. ಕಾಯುವ ಅವಧಿ ಎಷ್ಟು ತಿಂಗಳು ಎಂಬುದರ ಜೊತೆಗೆ, ಆ ತಿಂಗಳುಗಳನ್ನು ಇಬ್ಬರೂ ಒಟ್ಟಾಗಿ ಕಳೆಯಲು ಭೂಮಿಯ ಮೇಲೆ ಯಾವುದಾದರೂ ಜಾಗವಿದೆಯೇ ಎಂಬುದನ್ನೂ ಕೇಳಬೇಕಾಗುತ್ತದೆ. ಈ ಎರಡನೆಯ ಪ್ರಶ್ನೆಯನ್ನು ವಲಸೆ ಕಾನೂನು ಬಹುಮಟ್ಟಿಗೆ ಕೇಳಿಕೊಂಡಿಲ್ಲ.

ಅಮೆರಿಕದ ಕಾನೂನು ಸಲಿಂಗಿಗಳನ್ನು ಮೊದಲು ಕಂಡದ್ದು ದಂಪತಿಗಳೆಂದಲ್ಲ, ರೋಗಿಗಳೆಂದು. 1952ರ ವಲಸೆ ಕಾಯಿದೆಯು ‘ಮನೋವಿಕೃತ ವ್ಯಕ್ತಿತ್ವ’ವುಳ್ಳವರಿಗೆ ಪ್ರವೇಶ ನಿಷೇಧಿಸಿತ್ತು, ಕೆನಡಾದಿಂದ ಬಂದು ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಕ್ಲೈವ್ ಬೂಟಿಲಿಯೆ ಎಂಬಾತನ ಪ್ರಕರಣದಲ್ಲಿ 1967ರಲ್ಲಿ ಸುಪ್ರೀಂ ಕೋರ್ಟು ಆ ಪದಗುಚ್ಛದಲ್ಲಿ ಸಲಿಂಗಿಗಳೂ ಸೇರುತ್ತಾರೆಂದು ತೀರ್ಮಾನಿಸಿ, ಗಡೀಪಾರಿನ ಆದೇಶವನ್ನು ಎತ್ತಿಹಿಡಿಯಿತು. ಈ ನಿಷೇಧ ಕಾನೂನಿನ ಪುಸ್ತಕದಿಂದ ಹೊರಬಿದ್ದದ್ದು 1990ರಲ್ಲಿ. ಹಾಗೆ ಹೊರಬಿದ್ದ ಮೇಲೂ ಒಂಟಿ ವ್ಯಕ್ತಿಯಾಗಿ ಒಳಬರುವ ಹಕ್ಕು ಸಿಕ್ಕಿತೇ ಹೊರತು ಒಬ್ಬರ ಸಂಗಾತಿಯಾಗಿ ಬರುವ ಹಕ್ಕು ಸಿಗಲಿಲ್ಲ.

ಈ ಎರಡನೆಯ ಹಕ್ಕಿನ ಕಥೆಯನ್ನು ರಿಚರ್ಡ್ ಆಡಮ್ಸ್ ಮತ್ತು ಆಂಥನಿ ಸಲಿವನ್ ಅವರ ಪ್ರಕರಣದಷ್ಟು ಪೂರ್ತಿಯಾಗಿ ಹೇಳುವ ದಾಖಲೆ ಇನ್ನೊಂದಿಲ್ಲ. ಫಿಲಿಪ್ಪೀನ್ಸ್‌ನಲ್ಲಿ ಹುಟ್ಟಿ ಅಮೆರಿಕದ ಪೌರನಾಗಿದ್ದ ಆಡಮ್ಸ್, ಆಸ್ಟ್ರೇಲಿಯಾದ ಸಲಿವನ್‌ನನ್ನು 1975ರ ಏಪ್ರಿಲ್‌ನಲ್ಲಿ ಕೊಲರಾಡೊ ರಾಜ್ಯದ ಬೋಲ್ಡರ್ ಪಟ್ಟಣದಲ್ಲಿ ಮದುವೆಯಾದ. ಅಲ್ಲಿನ ಕೌಂಟಿ ಗುಮಾಸ್ತೆ ಕ್ಲೀಲಾ ರೋರೆಕ್ಸ್, ರಾಜ್ಯದ ಕಾನೂನಿನಲ್ಲಿ ನಿಷೇಧ ಕಾಣದ್ದರಿಂದ, ಆ ವರ್ಷ ಕೆಲವು ಸಲಿಂಗಿ ಜೋಡಿಗಳಿಗೆ ವಿವಾಹದ ಪರವಾನಗಿ ಕೊಟ್ಟಿದ್ದಳು. ಪೌರನ ಬಾಳಸಂಗಾತಿಗೆ ಸಲ್ಲುವ ಕಾಯಂ ವಾಸದ ಹಕ್ಕನ್ನು, ಅಂದರೆ ಗ್ರೀನ್ ಕಾರ್ಡನ್ನು, ಕೋರಿ ಆಡಮ್ಸ್ ಅರ್ಜಿ ಹಾಕಿದಾಗ ವಲಸೆ ಇಲಾಖೆ ಅದನ್ನು ತಿರಸ್ಕರಿಸಿ ಬರೆದ ಪತ್ರದಲ್ಲಿ ಕಾರಣವಿದ್ದದ್ದು ಒಂದೇ ವಾಕ್ಯ, ಅದರಲ್ಲಿಯೂ ಸಲಿಂಗಿ ಗಂಡಸರನ್ನು ಹೀಗಳೆಯುವ ಬೀದಿಯ ಬೈಗುಳವೊಂದನ್ನು ಸರಕಾರಿ ಕಾಗದದ ಮೇಲೆಯೇ ಬೆರಳಚ್ಚು ಮಾಡಲಾಗಿತ್ತು. ಮುಂದೆ ಬೈಗುಳವನ್ನು ಕೈಬಿಟ್ಟು ಇನ್ನೊಂದು ಪತ್ರ ಬಂದಿತಾದರೂ ತೀರ್ಮಾನ ಅದೇ ಆಗಿತ್ತು. ಮೇಲ್ಮನವಿ ನ್ಯಾಯಾಲಯ 1982ರಲ್ಲಿ, ಮದುವೆ ಬೋಲ್ಡರ್‌ನಲ್ಲಿ ಊರ್ಜಿತವಾಗಿತ್ತೋ ಇಲ್ಲವೋ, ವಲಸೆ ಕಾನೂನಿನ ಮಟ್ಟಿಗೆ ‘ಬಾಳಸಂಗಾತಿ’ ಎಂದರೆ ಗಂಡಿಗೆ ಹೆಣ್ಣು, ಹೆಣ್ಣಿಗೆ ಗಂಡು ಮಾತ್ರ ಎಂದು ಹೇಳಿ ಆ ದಾರಿಯನ್ನು ಮುಚ್ಚಿತು. ಗಡೀಪಾರಾದರೆ ತನಗೆ ವಿಪರೀತ ಕಷ್ಟವಾಗುತ್ತದೆಂದು ಸಲಿವನ್ ಹೂಡಿದ ಇನ್ನೊಂದು ವಾದವನ್ನು 1985ರಲ್ಲಿ ಅದೇ ನ್ಯಾಯಾಲಯ ತಳ್ಳಿಹಾಕಿತು. ಸಂಗಾತಿಯಿಂದ ಅಗಲುವುದು ಕಾನೂನು ಹೇಳುವ ಮಟ್ಟದ ಕಷ್ಟವಲ್ಲವೆಂಬ ಆ ತೀರ್ಪನ್ನು ಬರೆದ ನ್ಯಾಯಮೂರ್ತಿ ಆಂಥನಿ ಕೆನಡಿ, ಮುಂದೆ ಸುಪ್ರೀಂ ಕೋರ್ಟಿಗೆ ಹೋಗಿ, 2013 ಮತ್ತು 2015ರಲ್ಲಿ ಸಲಿಂಗ ವಿವಾಹಕ್ಕೆ ಸಂವಿಧಾನದ ರಕ್ಷಣೆ ಕೊಟ್ಟ ಎರಡೂ ತೀರ್ಪುಗಳನ್ನು ಬರೆದವರು. ಒಬ್ಬರೇ ನ್ಯಾಯಾಧೀಶರ ಮನಸ್ಸು ಬದಲಾಗಲು ಹಿಡಿದ ಇಪ್ಪತ್ತೆಂಟು ವರ್ಷಗಳನ್ನೂ ಈ ಜೋಡಿ ಕಾದ ಕಾಲದ ಲೆಕ್ಕಕ್ಕೆ ಸೇರಿಸಬೇಕಾಗುತ್ತದೆ.

ಆಸ್ಟ್ರೇಲಿಯಾ ಆಡಮ್ಸ್‌ನನ್ನು ಸೇರಿಸಿಕೊಳ್ಳಲಿಲ್ಲ. ಇಬ್ಬರೂ ಯುರೋಪಿನಲ್ಲಿ ಅಲೆದು, ಮೆಕ್ಸಿಕೊ ಗಡಿಯ ಮೂಲಕ ಮರಳಿ, ಲಾಸ್ ಏಂಜಲೀಸ್‌ನಲ್ಲಿ ಯಾರ ಕಣ್ಣಿಗೂ ಬೀಳದಂತೆ ಬದುಕಿದರು. ಆಡಮ್ಸ್ 2012ರ ಡಿಸೆಂಬರಿನಲ್ಲಿ ತೀರಿಕೊಂಡ. ಕೆನಡಿ ಬರೆದ ಮೊದಲ ತೀರ್ಪು ಬಂದದ್ದು ಮುಂದಿನ ವರ್ಷದ ಜೂನ್‌ನಲ್ಲಿ. 1975ರ ಅರ್ಜಿಯನ್ನು ಮತ್ತೆ ತೆರೆಸಿ, ಪೌರನ ವಿಧುರನೆಂಬ ನೆಲೆಯಲ್ಲಿ ಸಲಿವನ್ ಗ್ರೀನ್ ಕಾರ್ಡ್ ಪಡೆದದ್ದು 2016ರಲ್ಲಿ. ಹಳೆಯ ಪತ್ರದ ಭಾಷೆಗಾಗಿ ವಲಸೆ ಸೇವೆಯ ನಿರ್ದೇಶಕರಿಂದ ಆತನಿಗೆ ಲಿಖಿತ ಕ್ಷಮಾಪಣೆಯೂ ದೊರೆತಿತ್ತು.

2013ರ ತೀರ್ಪು ರದ್ದುಮಾಡಿದ್ದು 1996ರ ವಿವಾಹ ರಕ್ಷಣಾ ಕಾಯಿದೆಯ ಮೂರನೆಯ ಕಲಮನ್ನು. ಯಾವುದೇ ರಾಜ್ಯದಲ್ಲಿ ಎಷ್ಟೇ ವಿಧಿವತ್ತಾಗಿ ನಡೆದಿದ್ದರೂ ಒಕ್ಕೂಟ ಸರಕಾರದ ಯಾವ ಇಲಾಖೆಯೂ ಸಲಿಂಗ ವಿವಾಹವನ್ನು ಮದುವೆಯೆಂದು ಎಣಿಸಕೂಡದು ಎಂಬುದು ಆ ಕಲಮಿನ ತಾತ್ಪರ್ಯ. 2010ರ ಜನಗಣತಿಯ ಆಧಾರದ ಮೇಲೆ ವಿಲಿಯಮ್ಸ್ ಇನ್‌ಸ್ಟಿಟ್ಯೂಟ್ ಮಾಡಿದ ಅಂದಾಜಿನಂತೆ, ಒಬ್ಬರು ಪೌರರೂ ಇನ್ನೊಬ್ಬರು ಪರದೇಶಿಯೂ ಆಗಿರುವ ಸಲಿಂಗಿ ಜೋಡಿಗಳು ಅಮೆರಿಕದೊಳಗೇ ಸುಮಾರು 28,500 ಇದ್ದವು; ಜೊತೆಯಾಗಿ ಬಾಳಲೆಂದೇ ದೇಶ ಬಿಟ್ಟವರು ಈ ಎಣಿಕೆಯಲ್ಲಿಲ್ಲ. ಕಲಮನ್ನು ಉರುಳಿಸಿದ್ದು ವಲಸೆಯ ಪ್ರಕರಣವಲ್ಲ, ತೆರಿಗೆಯದು: ಮಡಿದ ಹೆಂಡತಿಯ ಆಸ್ತಿಯ ಮೇಲೆ 3,63,053 ಡಾಲರ್ ತೆರಿಗೆ ಕಟ್ಟಬೇಕಾಗಿ ಬಂದ ಈಡಿತ್ ವಿಂಡ್ಸರ್ ಎಂಬ ವೃದ್ಧೆಯ ದಾವೆ. ಮನುಷ್ಯರ ಅಗಲಿಕೆಗೆ ಕರಗದ ನ್ಯಾಯ ಕೊನೆಗೆ ತೆರಿಗೆಯ ರಸೀದಿಗೆ ಕರಗಿತೆಂದು ವ್ಯಂಗ್ಯವಾಡುವವರನ್ನು ತಪ್ಪೆನ್ನಲಾಗದು. ತೀರ್ಪು ಬಂದ ಎರಡೇ ದಿನಗಳಲ್ಲಿ ಫ್ಲಾರಿಡಾದ ಜೋಡಿಯೊಂದರ ಅರ್ಜಿ ಅಂಗೀಕಾರವಾಯಿತು, ಮುಂದಿನ ತಿಂಗಳು ವಲಸೆ ಮೇಲ್ಮನವಿ ಮಂಡಳಿಯೂ ಹೊಸ ನಿಯಮವನ್ನು ಖಚಿತಪಡಿಸಿತು. ಮದುವೆ ಎಲ್ಲಿ ನಡೆಯಿತೋ ಅಲ್ಲಿ ಊರ್ಜಿತವಾಗಿದ್ದರೆ ಸಾಕು, ದಂಪತಿಗಳು ವಾಸಿಸುವ ರಾಜ್ಯ ಅದನ್ನು ಒಪ್ಪಬೇಕಿಲ್ಲ ಎಂಬುದು ಆ ನಿಯಮ.

ಬಾಗಿಲು ತೆರೆದದ್ದು ನಿಜ, ಆದರೆ ಮದುವೆ ನಡೆದ ಸ್ಥಳವನ್ನೇ ಒರೆಗಲ್ಲಾಗಿಸುವ ನಿಯಮ ತನ್ನೊಳಗೇ ಒಂದು ಷರತ್ತನ್ನು ಹೊತ್ತಿದೆ: ಎಲ್ಲಿಯಾದರೂ ಮದುವೆ ನಡೆಯಲೇಬೇಕು. ಬೆಂಗಳೂರಿನ ಯುವತಿ ಅಮೆರಿಕದ ಪುರುಷನನ್ನು ವರಿಸುವುದಾದರೆ ವಿಶೇಷ ವಿವಾಹ ಕಾಯಿದೆಯಡಿ ಇಲ್ಲಿಯೇ ನೋಂದಾಯಿಸಿಕೊಂಡು ಅರ್ಜಿ ಹಾಕಬಹುದು. ಅದೇ ಯುವತಿ ಅಮೆರಿಕದ ಮಹಿಳೆಯನ್ನು ವರಿಸುವುದಾದರೆ ಭಾರತದ ಯಾವ ನೋಂದಣಾಧಿಕಾರಿಯೂ ಅವರ ಹೆಸರು ಬರೆದುಕೊಳ್ಳುವಂತಿಲ್ಲ. ಇಂಥವರ ಪಾಲಿಗೆ ಉಳಿಯುವುದು ಕೆ-1 ಎಂಬ ಭಾವಿ ವಧೂವರರ ವೀಸಾ. ಅದರಂತೆ ಜೋಡಿ ಅರ್ಜಿಗೆ ಹಿಂದಿನ ಎರಡು ವರ್ಷಗಳೊಳಗೆ ಒಮ್ಮೆಯಾದರೂ ಮುಖತಃ ಭೇಟಿಯಾಗಿರಬೇಕು, ಅಮೆರಿಕ ತಲುಪಿದ 90 ದಿನಗಳೊಳಗೆ ಮದುವೆಯಾಗಬೇಕು, ಆ ಬಳಿಕ ಗ್ರೀನ್ ಕಾರ್ಡಿಗೆ ಇನ್ನೊಂದು ಅರ್ಜಿ, ಇನ್ನೊಂದು ಶುಲ್ಕ, ಇನ್ನೊಂದು ಸಂದರ್ಶನ. ಮೂರನೆಯ ದೇಶಕ್ಕೆ ಹೋಗಿ ಮದುವೆಯಾಗುವ ದಾರಿಯೂ ಉಂಟು, ಆದರೆ ಅಂಥ ಎಲ್ಲ ದೇಶಗಳ ಪ್ರವಾಸಿ ವೀಸಾ ಭಾರತದ ಪಾಸ್‌ಪೋರ್ಟಿಗೆ ಸಲೀಸಾಗಿ ಸಿಗುವಂಥದ್ದಲ್ಲ. ಯೂಟಾ ರಾಜ್ಯದ ಯೂಟಾ ಕೌಂಟಿಯು ಕೋವಿಡ್ ಕಾಲದಿಂದ ವೀಡಿಯೊ ಮೂಲಕ ಮದುವೆ ಮಾಡಿಸುವುದು ಅನೇಕರಿಗೆ ವರದಾನವೆನಿಸಿದೆಯಾದರೂ, ವಧೂವರರು ಒಂದೇ ಕಡೆ ಇಲ್ಲದೆ ನಡೆದ ಮದುವೆಯು ಆಮೇಲೆ ಅವರು ಕೂಡಿ ದಾಂಪತ್ಯ ನಡೆಸಿದ ಹೊರತು ವಲಸೆ ಕಾನೂನಿನಲ್ಲಿ ಲೆಕ್ಕಕ್ಕಿಲ್ಲದ ಕಾರಣ, ಅಲ್ಲಿಯೂ ಪ್ರಯಾಣದ ಪ್ರಶ್ನೆ ಮರಳಿ ಎದುರಾಗುತ್ತದೆ.

ಇದರ ಮೇಲೆ ಪುರಾವೆಯ ಹೊರೆ. ಗ್ರೀನ್ ಕಾರ್ಡಿಗಾಗಿ ಮಾತ್ರ ಹೂಡಿದ ಸುಳ್ಳು ಮದುವೆಯಲ್ಲ ಎಂಬುದನ್ನು ಸಾಬೀತುಪಡಿಸುವ ಹೊಣೆ ಅರ್ಜಿದಾರರದು. ಜಂಟಿ ಬ್ಯಾಂಕ್ ಖಾತೆ, ಇಬ್ಬರ ಹೆಸರಿನ ಬಾಡಿಗೆ ಕರಾರು, ವಿಮೆಯಲ್ಲಿ ನಾಮನಿರ್ದೇಶನ, ಮದುವೆಯ ಫೋಟೋಗಳಲ್ಲಿ ಎರಡೂ ಕಡೆಯ ಬಂಧುಗಳು, ತಂದೆತಾಯಿಗಳ ಅಫಿಡವಿಟ್ಟು ಇವೆಲ್ಲ ಅಧಿಕಾರಿಗಳು ಬಯಸುವ ದಾಖಲೆಗಳು. ಸಮಾಜ ಒಪ್ಪಿಕೊಂಡ ಮದುವೆ ತನ್ನಷ್ಟಕ್ಕೆ ಉತ್ಪಾದಿಸುವ ಕಾಗದಗಳಿವು. ಸಮಾಜದಿಂದ ಮುಚ್ಚಿಟ್ಟು ಬಾಳಬೇಕಾದ ಸಂಬಂಧದಲ್ಲಿ ಇವೇ ಕಾಗದಗಳು ಅಪಾಯಕಾರಿ. ಮಗಳು ಯಾರೊಡನೆ ವಾಸವಾಗಿದ್ದಾಳೆಂದು ತಿಳಿಯದ ತಾಯಿ ಅಫಿಡವಿಟ್ಟಿಗೆ ರುಜು ಹಾಕಲಾರಳು, ಮನೆಯ ಮಾಲೀಕರಿಗೆ ‘ಗೆಳತಿಯರು’ ಎಂದು ಹೇಳಿ ಹಿಡಿದ ಬಾಡಿಗೆ ಮನೆಯ ಕರಾರಿನಲ್ಲಿ ದಾಂಪತ್ಯದ ಸುಳಿವಿರಲಾರದು. ದಾಖಲೆ ಸಾಲದಾದಾಗ ಹೆಚ್ಚಿನ ಪುರಾವೆ ಕೇಳುವ ನೋಟೀಸು ಬರುತ್ತದೆ, ಇಲ್ಲವೇ ಕಾನ್ಸುಲೇಟಿನ ಸಂದರ್ಶನದ ಬಳಿಕ ಕಡತ ‘ಆಡಳಿತಾತ್ಮಕ ಪರಿಶೀಲನೆ’ಗೆ ಹೋಗುತ್ತದೆ, ವೀಸಾವನ್ನು ಕೊಡದೆಯೂ ಕೊನೆಯದಾಗಿ ನಿರಾಕರಿಸದೆಯೂ ಇಟ್ಟುಕೊಳ್ಳುವ ಈ ಸ್ಥಿತಿಗೆ ನಿಗದಿತ ಕಾಲಮಿತಿಯಿಲ್ಲ. ಅಧಿಕಾರಿಗೆ ಪೂರ್ವಗ್ರಹವಿಲ್ಲದಿದ್ದರೂ ಇದು ಹೀಗೆಯೇ ನಡೆಯುತ್ತದೆ. ನಿಯಮ ಎಲ್ಲರಿಗೂ ಒಂದೇ ಆಗಿದ್ದು, ಆ ನಿಯಮ ಕೇಳುವ ಬದುಕು ಮಾತ್ರ ಕೆಲವರಿಗೆ ಲಭ್ಯವಿಲ್ಲದಿರುವುದು ಇಲ್ಲಿನ ತೊಡಕು.

ಅಮೆರಿಕದ ಸುಪ್ರೀಂ ಕೋರ್ಟು 2024ರ ಜೂನ್‌ನಲ್ಲಿ ಕೊಟ್ಟ ಮುನ್ಯೋಸ್ ಪ್ರಕರಣದ ತೀರ್ಪು ಸಲಿಂಗಿಗಳ ಕುರಿತಾದದ್ದಲ್ಲ. ಎಲ್ ಸಾಲ್ವಡಾರ್‌ನ ಗಂಡನಿಗೆ ವೀಸಾ ಸಿಗದ ಅಮೆರಿಕದ ಮಹಿಳೆಯೊಬ್ಬರ ದಾವೆ ಅದು. ಪರದೇಶಿ ಸಂಗಾತಿಯನ್ನು ದೇಶಕ್ಕೆ ಕರೆತರುವುದು ಪೌರರ ಮೂಲಭೂತ ಸ್ವಾತಂತ್ರ್ಯವಲ್ಲವೆಂದು ಬಹುಮತ ಹೇಳಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್ ಗುರುತಿಸಿದ ಅಂಶವೊಂದು ಈ ಚರ್ಚೆಯ ಕೇಂದ್ರದಲ್ಲಿರಬೇಕಾದದ್ದು: ಇಂಥ ತೀರ್ಪಿನ ಭಾರ ಹೆಚ್ಚಾಗಿ ಬೀಳುವುದು, ಸಂಗಾತಿಯ ತಾಯ್ನಾಡಿಗೆ ಹೋಗಿ ಸಂಸಾರ ಹೂಡಲು ಕಾನೂನಿನ ಅಥವಾ ಹಣಕಾಸಿನ ಕಾರಣದಿಂದ ಸಾಧ್ಯವಾಗದ ಸಲಿಂಗಿ ದಂಪತಿಗಳ ಮತ್ತು ಅವರಂಥವರ ಮೇಲೆ. ಸಾಲ್ವಡಾರ್‌ನ ಗಂಡನನ್ನು ಕೂಡಲು ಆ ಹೆಂಡತಿ, ಎಷ್ಟೇ ಕಷ್ಟವಾದರೂ, ಅಲ್ಲಿಗೆ ಹೋಗಿ ಹೆಂಡತಿಯೆಂದೇ ಇರಬಲ್ಲಳು. ಸಲಿಂಗ ಸಂಬಂಧಕ್ಕೆ ಜೀವಾವಧಿ ಸೆರೆ ವಿಧಿಸುವ, ಕೆಲವು ಸಂದರ್ಭಗಳಲ್ಲಿ ಮರಣದಂಡನೆಗೂ ಎಡೆಕೊಡುವ ಕಾಯಿದೆಯನ್ನು 2023ರಲ್ಲಿ ಮಾಡಿಕೊಂಡ ಉಗಾಂಡಾಕ್ಕೆ ಯಾವ ದಂಪತಿ ಹೋಗಿ ವೀಸಾಕ್ಕಾಗಿ ಕಾಯಬಲ್ಲರು?

ಅಮೆರಿಕದ ಕನ್ನಡಿಗರಲ್ಲಿ ಬಹುಪಾಲು ಜನರಿಗೆ ಪರಿಚಿತವಾದ ಸರದಿ ಬೇರೆಯದು. ಎಚ್-1ಬಿ ವೀಸಾದ ಮೇಲೆ ಹೋಗಿ, ಉದ್ಯೋಗಾಧಾರಿತ ಗ್ರೀನ್ ಕಾರ್ಡಿಗೆ ದೇಶವೊಂದಕ್ಕೆ ಶೇಕಡಾ 7ರಷ್ಟೇ ಎಂಬ ಮಿತಿಯಿಂದಾಗಿ ದಶಕಕ್ಕೂ ಮೀರಿ ಕಾಯುವ ಎಂಜಿನಿಯರುಗಳ ಸಂಕಟ ಅಲ್ಲಿನ ಕನ್ನಡ ಸಂಘಗಳಲ್ಲಿ ದಿನನಿತ್ಯದ ಮಾತು. ಆದರೆ ಆ ಎಂಜಿನಿಯರಿನ ಹೆಂಡತಿ ಅಥವಾ ಗಂಡ ಎಚ್-4 ಎಂಬ ಅವಲಂಬಿತರ ವೀಸಾದ ಮೇಲೆ ಜೊತೆಗಿರಬಹುದು, ನಿರ್ದಿಷ್ಟ ಹಂತ ದಾಟಿದ ಮೇಲೆ 2015ರಿಂದೀಚೆಗೆ ಕೆಲಸವನ್ನೂ ಮಾಡಬಹುದು. ಭಾರತದಲ್ಲಿ ಮದುವೆಯಾಗಲು ಅವಕಾಶವಿಲ್ಲದ ಸಲಿಂಗಿ ಸಂಗಾತಿಗೆ ಎಚ್-4 ಇಲ್ಲ; ಸಹವಾಸಿ ಸಂಗಾತಿಗಳಿಗೂ ಕೊಡಬಹುದೆಂದು ಅಮೆರಿಕದ ವಿದೇಶಾಂಗ ಇಲಾಖೆಯ ಕೈಪಿಡಿ ಹೇಳುವ ಬಿ-2 ಸಂದರ್ಶಕ ವೀಸಾವನ್ನು ಪಡೆದು, ದುಡಿಯುವ ಹಕ್ಕಿಲ್ಲದೆ, ಮತ್ತೆ ಮತ್ತೆ ಅವಧಿ ವಿಸ್ತರಿಸಿಕೊಳ್ಳುತ್ತ ಇರಬೇಕು, ಅಥವಾ ಹಾಗೆ ಹೋದಾಗ ಅಲ್ಲಿಯೇ ಮದುವೆಯಾಗಿ ವೀಸಾದ ವರ್ಗ ಬದಲಿಸಿಕೊಳ್ಳಲು ಅರ್ಜಿ ಹಾಕಬೇಕು. ಒಂದೇ ಸರದಿಯಲ್ಲಿ ನಿಂತ ಇಬ್ಬರು ಸಹೋದ್ಯೋಗಿಗಳಲ್ಲಿ ಒಬ್ಬರು ಸಂಸಾರದೊಡನೆ ಕಾಯುತ್ತಾರೆ, ಇನ್ನೊಬ್ಬರು ಸಂಸಾರಕ್ಕಾಗಿಯೇ ಕಾಯುತ್ತಾರೆ.

ಹಿಮ್ಮುಖ ಪ್ರಯಾಣವೂ ಸುಗಮವಲ್ಲ. ಭಾರತದ ಪೌರತ್ವ ಕಾಯಿದೆಯ 7ಎ ಕಲಮಿನಂತೆ ಭಾರತೀಯ ಪೌರರ ಅಥವಾ ಸಾಗರೋತ್ತರ ಭಾರತೀಯ ಪೌರತ್ವದ ಕಾರ್ಡು, ಅಂದರೆ ಒಸಿಐ ಕಾರ್ಡು ಹೊಂದಿದವರ ವಿದೇಶಿ ಸಂಗಾತಿಯು, ಮದುವೆ ನೋಂದಣಿಯಾಗಿ ಎರಡು ವರ್ಷ ಕಳೆದಿದ್ದರೆ, ತಾನೂ ಆ ಕಾರ್ಡಿಗೆ ಅರ್ಜಿ ಹಾಕಬಹುದು. ಆ ಕಲಮಿನಲ್ಲಿ ಗಂಡ ಹೆಂಡತಿ ಎಂಬ ಭೇದವಿಲ್ಲವೆಂದು ತೋರಿಸಿ, ನ್ಯೂಯಾರ್ಕಿನಲ್ಲಿ 2012ರಲ್ಲಿ ಮದುವೆಯಾದ ಜೋಡಿಯೊಂದು 2021ರಲ್ಲಿ ದೆಹಲಿ ಹೈಕೋರ್ಟಿನ ಮೊರೆಹೊಕ್ಕಿತು. ಸಲಿಂಗ ವಿವಾಹದ ಪ್ರಶ್ನೆಯನ್ನೇ ಕೈಗೆತ್ತಿಕೊಂಡ ಭಾರತದ ಸುಪ್ರೀಂ ಕೋರ್ಟಿನಲ್ಲಿ, 2023ರ ಅಕ್ಟೋಬರ್ 17ರಂದು, ಐವರು ನ್ಯಾಯಮೂರ್ತಿಗಳ ಪೀಠವು ಮದುವೆಯಾಗುವುದು ಮೂಲಭೂತ ಹಕ್ಕಲ್ಲವೆಂದು ಒಮ್ಮತದಿಂದಲೂ, ಸಲಿಂಗಿ ಜೋಡಿಗಳಿಗೆ ನಾಗರಿಕ ಸಹಬಾಳ್ವೆಯ ಮಾನ್ಯತೆಯನ್ನು ನ್ಯಾಯಾಲಯ ಕೊಡಲಾಗದೆಂದು ಮೂವರ ಬಹುಮತದಿಂದಲೂ ತೀರ್ಮಾನಿಸಿತು. ಮರುಪರಿಶೀಲನೆಯ ಅರ್ಜಿಗಳು 2025ರ ಜನವರಿಯಲ್ಲಿ ವಜಾ ಆದವು. ಸಲಿಂಗ ಸಂಬಂಧವನ್ನು ಅಪರಾಧವೆಂದಿದ್ದ ದಂಡ ಸಂಹಿತೆಯ 377ನೆಯ ಕಲಮಿನ ಭಯ 2018ರಲ್ಲಿ ತೊಲಗಿದ ಮೇಲೆ ಸಂಗಾತಿಯೊಡನೆ ತವರಿಗೆ ಮರಳುವ ಯೋಚನೆ ಮಾಡಿದ್ದವರ ಮುಂದೆ ಈಗ ಪ್ರವಾಸಿ ವೀಸಾ, ಉದ್ಯೋಗ ವೀಸಾಗಳಂಥ ಅಡ್ಡದಾರಿಗಳಷ್ಟೇ ಉಳಿದಿವೆ. ನೆರೆಯ ನೇಪಾಳದ ಸುಪ್ರೀಂ ಕೋರ್ಟು ಇದಕ್ಕಿಂತ ಚಿಕ್ಕ ಪ್ರಶ್ನೆಯನ್ನು ಎತ್ತಿಕೊಂಡು ಮುಂದೆ ಸಾಗಿತು: ಮದುವೆಯ ಹಕ್ಕಿನ ಮಹಾವಾದಕ್ಕೆ ಕಾಯದೆ, 2017ರಲ್ಲಿ ನೇಪಾಳಿ ಮಹಿಳೆಯೊಬ್ಬರ ಅಮೆರಿಕನ್ ಸಂಗಾತಿಗೂ 2023ರಲ್ಲಿ ನೇಪಾಳಿ ಪುರುಷನೊಬ್ಬನ ಜರ್ಮನ್ ಸಂಗಾತಿಗೂ ಅವಲಂಬಿತ ವೀಸಾ ಕೊಡುವಂತೆ ಆದೇಶಿಸಿತು. ಹಾಂಗ್‌ಕಾಂಗ್ 2018ರಲ್ಲಿ, ನಮೀಬಿಯಾ 2023ರಲ್ಲಿ ಹೆಚ್ಚುಕಡಿಮೆ ಇದೇ ದಾರಿ ಹಿಡಿದವು.

ಗೆದ್ದ ಮೇಲೂ ಕಾಯಬೇಕಾಗಬಹುದೆಂಬುದಕ್ಕೆ ರುಮೇನಿಯಾ ಸಾಕ್ಷಿ. ಬ್ರಸೆಲ್ಸ್‌ನಲ್ಲಿ 2010ರಲ್ಲಿ ಅಮೆರಿಕದ ರಾಬರ್ಟ್ ಹ್ಯಾಮಿಲ್ಟನ್‌ನನ್ನು ಮದುವೆಯಾದ ಆಡ್ರಿಯನ್ ಕೋಮನ್, ಗಂಡನೊಡನೆ ತನ್ನ ದೇಶಕ್ಕೆ ಮರಳಲು ಅವಕಾಶ ಕೋರಿ ಹೂಡಿದ ದಾವೆಯಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2018ರ ಜೂನ್ 5ರಂದು ಆತನ ಪರವಾಗಿ ತೀರ್ಪು ಕೊಟ್ಟಿತು, ರುಮೇನಿಯಾದ ಸಂವಿಧಾನ ನ್ಯಾಯಾಲಯವೂ ಅದನ್ನು ಅನುಸರಿಸಿತು. ಆ ಬಳಿಕವೂ ವಲಸೆ ಅಧಿಕಾರಿಗಳು ವಾಸದ ಪರವಾನಗಿ ಕೊಡದ್ದರಿಂದ ಜೋಡಿ ಮತ್ತೊಂದು ನ್ಯಾಯಾಲಯದ, ಸ್ಟ್ರಾಸ್‌ಬರ್ಗಿನ ಮಾನವ ಹಕ್ಕುಗಳ ನ್ಯಾಯಾಲಯದ, ಮೆಟ್ಟಿಲೇರಬೇಕಾಯಿತು.

ಕಾಯುವವರಿಗೆ ಜಾಗ ಕಲ್ಪಿಸುವುದು ಅಮೆರಿಕದ ಕಾನೂನಿಗೆ ಹೊಸತೇನಲ್ಲ. 2000ದ ಡಿಸೆಂಬರಿನಲ್ಲಿ ಅಂಗೀಕಾರವಾದ ಕಾಯಿದೆಯೊಂದು, ಕಾಯಂ ವಾಸಿಗಳ ಪತಿಪತ್ನಿಯರ ಅರ್ಜಿ ಮೂರು ವರ್ಷ ಇತ್ಯರ್ಥವಾಗದೆ ಉಳಿದಿದ್ದರೆ ಅವರು ಅಮೆರಿಕಕ್ಕೆ ಬಂದು, ಕೆಲಸ ಮಾಡುತ್ತ, ಸಂಗಾತಿಯ ಜೊತೆಗೇ ಸರದಿ ಕಾಯಲೆಂದು ವಿ ಎಂಬ ಹೊಸ ವೀಸಾವನ್ನು ನಿರ್ಮಿಸಿತು. ಅದೇ ತಿಂಗಳ 21ರೊಳಗೆ ಅರ್ಜಿ ಸಲ್ಲಿಸಿದ್ದವರಿಗೆ ಮಾತ್ರ ಅನ್ವಯಿಸುತ್ತಿದ್ದುದರಿಂದ ಆ ವೀಸಾ ಈಗ ಪುಸ್ತಕದಲ್ಲಿದ್ದೂ ಇಲ್ಲದಂತಾಗಿದೆ. ದಿನಾಂಕದ ಆ ಮಿತಿಯನ್ನು ತೆಗೆದು, ಪೌರರ ಸಂಗಾತಿಗಳಿಗೂ ಭಾವಿ ವಧೂವರರಿಗೂ ಅದನ್ನು ವಿಸ್ತರಿಸಲು ದೊಡ್ಡ ಸಿದ್ಧಾಂತವೇನೂ ಬೇಕಿಲ್ಲ, ಕಾಂಗ್ರೆಸ್ಸಿನ ಒಂದು ತಿದ್ದುಪಡಿ ಸಾಕು. ಅಗಲಿಕೆಯನ್ನೇ ಕಷ್ಟವೆಂದು ಕಾನೂನು ಗಣಿಸಿದ ಅಪರೂಪದ ಆ ಗಳಿಗೆಯಲ್ಲಿ, 1996ರ ಕಾಯಿದೆ ಇನ್ನೂ ಜಾರಿಯಲ್ಲಿದ್ದುದರಿಂದ, ಸಲಿಂಗಿ ಜೋಡಿಗಳಲ್ಲಿ ಒಂದಕ್ಕೂ ಅರ್ಜಿ ಹಾಕುವ ಅರ್ಹತೆಯಿರಲಿಲ್ಲ.