ಬೆಟ್ಟಕ್ಕೆ ಮಿತಿ ಹಾಕಿದರೆ ಸಾಲದು, ಬಸ್ಸನ್ನೂ ಹಾಕಬೇಕು

2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಯ ದಿನಗಳಲ್ಲಿ ಕುಮಾರಪರ್ವತದ ಹಾದಿಯಲ್ಲಿ ಸೇರಿದ್ದ ಜನಜಂಗುಳಿಯ ದೃಶ್ಯಗಳು ನಾಡಿನಾದ್ಯಂತ ಚರ್ಚೆಗೆ ಕಾರಣವಾದವು. ಪುಷ್ಪಗಿರಿ ವನ್ಯಜೀವಿಧಾಮದೊಳಗಿನ ಕಾಲುದಾರಿ ತೇರು ಎಳೆಯುವ ದಿನದ ರಥಬೀದಿಯಂತೆ ಕಂಡಿತ್ತು. ಅದರ ಬೆನ್ನಲ್ಲೇ ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು, ಆನ್‌ಲೈನ್ ಮುಂಗಡ ನೋಂದಣಿಯ ವ್ಯವಸ್ಥೆ ಇಲ್ಲದ ಕಡೆಗಳಲ್ಲಿ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಲು ಸೂಚಿಸಿದರು. ಅದೇ ವರ್ಷ ಮಳೆಗಾಲದ ನಂತರ ‘ಅರಣ್ಯ ವಿಹಾರ’ ಎಂಬ ಜಾಲತಾಣ ಬಂತು. ಒಂದು ಚಾರಣಪಥಕ್ಕೆ ದಿನಕ್ಕೆ 300 ಮಂದಿ ಎಂಬ ಮಿತಿಯೂ ಬಂತು.

ಈ ಮಿತಿ ಅಗತ್ಯವಾಗಿತ್ತು ಎಂಬುದರಲ್ಲಿ ಎರಡು ಮಾತಿಲ್ಲ. ಶೋಲಾ ಕಾಡು ಮತ್ತು ಹುಲ್ಲುಗಾವಲು ಹೆಣೆದುಕೊಂಡಿರುವ ಪಶ್ಚಿಮಘಟ್ಟದ ನೆತ್ತಿಯಲ್ಲಿ ಒಮ್ಮೆ ಸವೆದ ದಾರಿ ಮುಂದಿನ ಮಳೆಗೆ ಕೊರಕಲಾಗುತ್ತದೆ. ಆದರೆ ನಮ್ಮ ಚಾರಣ ನೀತಿ ಎಣಿಸುವುದು ತಲೆಗಳನ್ನು ಮಾತ್ರ. ಆ 300 ಮಂದಿ ಬೆಟ್ಟದ ಬುಡಕ್ಕೆ ಹೇಗೆ ಬರುತ್ತಾರೆ ಎಂಬ ಪ್ರಶ್ನೆಗೆ ಅದರಲ್ಲಿ ಸ್ಥಾನವಿಲ್ಲ. ಲೆಕ್ಕ ಸರಳವಾದುದು. ಕಾರಿಗೆ ನಾಲ್ವರಂತೆ ಬಂದರೆ 75 ಕಾರುಗಳು. ಬಸ್ಸಿಗೆ ಐವತ್ತು ಮಂದಿಯಂತೆ ಬಂದರೆ ಆರೇ ಬಸ್ಸುಗಳು. ಎರಡೂ ಸಂದರ್ಭಗಳಲ್ಲಿ ಜಾಲತಾಣದ ಪ್ರಕಾರ ಚಾರಣಿಗರ ಸಂಖ್ಯೆ ಒಂದೇ. ಆದರೆ ತಪ್ಪಲಿನ ಊರಿಗೆ, ಅಲ್ಲಿಯ ಕಿರಿದಾದ ರಸ್ತೆಗೆ, ಗದ್ದೆಯಂಚಿಗೆ ಬೀಳುವ ಹೊರೆ ಒಂದೇ ಅಲ್ಲ.

ಈ ಹೊರೆ ಎಂತಹುದೆಂದು ಚಿಕ್ಕಮಗಳೂರು ಈಗಾಗಲೇ ಕಂಡಿದೆ. ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ತುದಿಯ ಸಮೀಪದವರೆಗೂ ರಸ್ತೆಯಿದೆ. ಸರ್ಪದಾರಿಯೆಂಬ ಹಳೆಯ ಕಾಲುಹಾದಿಯನ್ನು ಹಿಡಿಯುವವರಿಗಿಂತ ವಾಹನದಲ್ಲಿ ಮೇಲೇರುವವರೇ ಹೆಚ್ಚು. ರಜೆಯ ದಿನಗಳ ವಾಹನದಟ್ಟಣೆ ತಡೆಯಲಾಗದೆ 2025ರ ಸೆಪ್ಟೆಂಬರ್‌ನಲ್ಲಿ ಜಿಲ್ಲಾಡಳಿತವು ಆ ಭಾಗಕ್ಕೆ ಹೋಗುವ ಪ್ರವಾಸಿ ವಾಹನಗಳಿಗೂ ಮುಂಗಡ ನೋಂದಣಿಯನ್ನು ಜಾರಿಗೆ ತಂದಿತು. ತಲೆಯನ್ನಷ್ಟೇ ಅಲ್ಲ, ಗಾಲಿಯನ್ನೂ ಎಣಿಸಬೇಕೆಂಬ ಅರಿವು ಅಲ್ಲಿ ಮೂಡಿದೆ. ಆದರೆ ಕಾರು ಬೇಡವೆನ್ನುವಾಗ ಬದಲಿಗೆ ಏನನ್ನು ಕೊಡುತ್ತೇವೆ ಎಂಬುದು ಮುಂದಿನ ಪ್ರಶ್ನೆ.

ಬದಲಿ ವ್ಯವಸ್ಥೆಯನ್ನು ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ನಾನು ಹಲವು ವರ್ಷಗಳಿಂದ ಮಲೆನಾಡಿನ ಬೆಟ್ಟಗಳಿಗೆ ಬಸ್ಸಿನಲ್ಲೇ ಹೋಗಿ ಬಂದವನು. ನಮ್ಮ ಅತ್ಯುತ್ತಮ ಕಾಲುಹಾದಿಗಳಲ್ಲಿ ಅನೇಕವು ಬಸ್ ನಿಲ್ಲುವ ಜಾಗದಿಂದ ಹೆಚ್ಚು ದೂರವಿಲ್ಲ ಎಂಬುದನ್ನು ಅನುಭವದಿಂದ ಹೇಳಬಲ್ಲೆ. ಕುಮಾರಪರ್ವತದ ಹಾದಿ ಕುಕ್ಕೆ ಸುಬ್ರಹ್ಮಣ್ಯದಿಂದಲೇ ಆರಂಭವಾಗುತ್ತದೆ. ಅಲ್ಲಿಗೆ ಬೆಂಗಳೂರಿನಿಂದ ನೇರ ಬಸ್ಸುಗಳಿವೆ. ಕೊಡಗಿನ ತಡಿಯಂಡಮೋಳ್ ಶಿಖರಕ್ಕೆ ಹೋಗುವವರು ನಾಪೋಕ್ಲು ಮಾರ್ಗದಲ್ಲಿ ಕಕ್ಕಬೆಗೆ ಬಂದಿಳಿದು, 1790ರ ದಶಕದಲ್ಲಿ ದೊಡ್ಡವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆಯ ಕಡೆಯಿಂದ ಏರಬಹುದು. ಬಲ್ಲಾಳರಾಯನ ದುರ್ಗದ ದಾರಿ ಕೊಟ್ಟಿಗೆಹಾರದಿಂದ ಕಳಸಕ್ಕೆ ಹೋಗುವ ಮಾರ್ಗದಲ್ಲಿರುವ ಸುಂಕಸಾಲೆಯ ಬಳಿಯೇ ಇದೆ. ಕುದುರೆಮುಖ ಶಿಖರಕ್ಕೆ ಕಳಸದಿಂದ ಸಂಸೆಯ ಕಡೆಗೆ ಬಸ್ಸು. ಅಲ್ಲಿಂದ ಮುಳ್ಳೋಡಿಯವರೆಗಿನ ಕೆಲವು ಕಿಲೋಮೀಟರ್ ಮಾತ್ರ ಜೀಪು ಇಲ್ಲವೇ ನಡಿಗೆ.

ಬೆಟ್ಟ ಹತ್ತುವುದು ನಮಗೆ ಪಟ್ಟಣದಿಂದ ಬಂದ ಹವ್ಯಾಸವೂ ಅಲ್ಲ. ದೀಪಾವಳಿಯ ವೇಳೆ ಮಲ್ಲೇನಹಳ್ಳಿಯ ಬಳಿಯ ದೇವಿರಮ್ಮನ ಬೆಟ್ಟವನ್ನು ಬರಿಗಾಲಿನಲ್ಲಿ ಏರುವ ಸಹಸ್ರಾರು ಭಕ್ತರನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕಳವಳದ ಸಂಗತಿಯೆಂದರೆ, ಮಲೆನಾಡಿನ ಬಸ್ ವ್ಯವಸ್ಥೆಯೇ ಸೊರಗುತ್ತಿದೆ. ಕೊಪ್ಪದ ‘ಸಹಕಾರ ಸಾರಿಗೆ’ಯ ಕಥೆ ಬಹುಮಂದಿಗೆ ನೆನಪಿರಬಹುದು. ಖಾಸಗಿ ಸಾರಿಗೆ ಕಂಪನಿಯೊಂದು ಮುಚ್ಚಿದಾಗ ಅದರ ಕಾರ್ಮಿಕರೇ 1991ರಲ್ಲಿ ಸಹಕಾರ ಸಂಘ ಕಟ್ಟಿಕೊಂಡು ಬಸ್ಸು ಓಡಿಸತೊಡಗಿದರು. ಸುಮಾರು ಮೂರು ದಶಕಗಳ ಕಾಲ ಕಾಡಿನಂಚಿನ ಊರುಗಳನ್ನು ಪೇಟೆಗೆ ಜೋಡಿಸಿದ ಆ ಸಂಸ್ಥೆ ನಷ್ಟದ ಭಾರ ತಾಳಲಾರದೆ 2020ರ ಫೆಬ್ರುವರಿಯಲ್ಲಿ ಸೇವೆ ನಿಲ್ಲಿಸಿತು. ಕೆಲವೇ ವಾರಗಳಲ್ಲಿ ಕೊರೊನಾ ಬಂತು. ಇಂತಹ ಊರುಗಳಲ್ಲಿ ಬೆಳಗ್ಗೆ ಒಂದು, ಸಂಜೆ ಒಂದು ಬಸ್ಸು ಇದ್ದರೆ ಅದೇ ಶಾಲೆಯ ದಾರಿ, ಆಸ್ಪತ್ರೆಯ ದಾರಿ, ಪಡಿತರದ ದಾರಿ. ಅದು ನಿಂತರೆ ಮೊದಲು ಹೊಡೆತ ಬೀಳುವುದು ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳಿಗೆ ಮತ್ತು ವೃದ್ಧರಿಗೆ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯು ಮಹಿಳೆಯರ ಓಡಾಟಕ್ಕೆ ಹೊಸ ಬಲ ಕೊಟ್ಟಿತಾದರೂ ಅದು ಅನ್ವಯಿಸುವುದು ಸರ್ಕಾರಿ ಬಸ್ಸುಗಳಿಗೆ ಮಾತ್ರ. ಖಾಸಗಿ ಬಸ್ಸುಗಳನ್ನೇ ನಂಬಿರುವ ಮಲೆನಾಡಿನ ಅನೇಕ ಮಾರ್ಗಗಳಿಗೆ ಅದರ ಪ್ರಯೋಜನ ತಲುಪಿಲ್ಲ.

ಚಾರಣಕ್ಕೂ ಹಳ್ಳಿಯ ಬಸ್ಸಿಗೂ ಇರುವ ನಂಟು ಇಲ್ಲಿಯೇ ಇದೆ. ಹಳ್ಳಿಯ ಬಸ್ಸು ತುಂಬುವುದು ವಿದ್ಯಾರ್ಥಿಗಳು ಮತ್ತು ಕಚೇರಿ ಕೆಲಸದವರಿಂದ; ಶನಿವಾರ ಮಧ್ಯಾಹ್ನದಿಂದ ಭಾನುವಾರದವರೆಗೆ ಅದರ ಸೀಟುಗಳು ಖಾಲಿ. ಚಾರಣಿಗರು ಬರುವುದು ಅದೇ ಹೊತ್ತಿನಲ್ಲಿ. ಅಂದರೆ ಊರಿನವರಿಗೆ ಬಸ್ಸು ಬೇಡವಾದ ದಿನವೇ ಹೊರಗಿನವರಿಗೆ ಅದು ಬೇಕು. ವಾರಾಂತ್ಯದ ಈ ಪ್ರಯಾಣಿಕರನ್ನು ಬಸ್ಸಿನತ್ತ ತಿರುಗಿಸಿದರೆ, ವಾರದ ದಿನಗಳಲ್ಲಿ ಊರಿನ ಮಕ್ಕಳಿಗಾಗಿ ಓಡುವ ಬಸ್ಸನ್ನು ಉಳಿಸಿಕೊಳ್ಳಲು ಒಂದಿಷ್ಟು ಆದಾಯವಾದರೂ ಸಿಕ್ಕೀತು. ಬಸ್ಸಿನಲ್ಲಿ ಬಂದಿಳಿದವನು ನಿಲ್ದಾಣದ ಹೋಟೆಲಿನಲ್ಲಿ ತಿಂಡಿ ತಿನ್ನುತ್ತಾನೆ, ಊರಿನ ಜೀಪು ಹತ್ತುತ್ತಾನೆ, ಸಂಜೆಯ ಬಸ್ಸು ತಪ್ಪಿದರೆ ಊರಿನಲ್ಲೇ ಉಳಿಯುತ್ತಾನೆ. ಊಟ, ವಸತಿ, ವಾಹನ ಎಲ್ಲವನ್ನೂ ನಗರದಿಂದಲೇ ಗೊತ್ತುಮಾಡಿಕೊಂಡು ಬರುವ ತಂಡಗಳಿಂದ ತಪ್ಪಲಿನ ಊರಿಗೆ ದಕ್ಕುವುದು ಇದಕ್ಕಿಂತ ಕಡಿಮೆ.

ಈ ನಂಟನ್ನು ಬೇರೆಡೆ ಬಹಳ ಹಿಂದೆಯೇ ಗುರುತಿಸಿದ್ದಾರೆ. ಸ್ವಿಟ್ಜರ್ಲೆಂಡ್‌ನಲ್ಲಿ ಕಾಲುಹಾದಿಗಳ ರಕ್ಷಣೆ ಸಂವಿಧಾನದಲ್ಲೇ ಸೇರಿದೆ. 1979ರ ಜನಮತದಲ್ಲಿ ಪ್ರಜೆಗಳೇ ಅದಕ್ಕೆ ಒಪ್ಪಿಗೆ ನೀಡಿದರು. ಅಲ್ಲಿಯ ಸುಮಾರು 65,000 ಕಿಲೋಮೀಟರ್ ಚಾರಣಪಥಗಳ ಹಳದಿ ಫಲಕಗಳು ನಡಿಗೆಗೆ ಬೇಕಾಗುವ ಸಮಯವನ್ನು ತಿಳಿಸುತ್ತವೆ; ಕಣಿವೆಯ ಕೊನೆಯ ಹಳ್ಳಿಗೂ ಅಂಚೆ ಇಲಾಖೆಯ ಪರಂಪರೆಯ ಹಳದಿ ಬಸ್ಸು ಬರುತ್ತದೆ. ಅದು ಶ್ರೀಮಂತ ದೇಶ ಎನ್ನುವವರು ನೆರೆಯ ಕೇರಳವನ್ನು ನೋಡಬಹುದು. ಪೆರಿಯಾರ್ ಹುಲಿ ಸಂರಕ್ಷಿತ ಪ್ರದೇಶದ ಗವಿಗೆ ಪತ್ತನಂತಿಟ್ಟದಿಂದ ಸರ್ಕಾರಿ ಸಾಮಾನ್ಯ ಬಸ್ಸು ಕಾಡಿನ ನಡುವೆಯೇ ಓಡುತ್ತದೆ. ಊರಿನವರೂ ಪ್ರವಾಸಿಗರೂ ಒಂದೇ ಬಸ್ಸಿನಲ್ಲಿ ಕೂರುತ್ತಾರೆ. ತಮಿಳುನಾಡು 2024ರ ಅಕ್ಟೋಬರ್‌ನಲ್ಲಿ 40 ಚಾರಣಪಥಗಳನ್ನು ಒಂದೇ ವ್ಯವಸ್ಥೆಯಡಿ ತಂದು, ಕಾಡಂಚಿನ ಸಮುದಾಯಗಳ ಯುವಕರನ್ನು ಮಾರ್ಗದರ್ಶಕರನ್ನಾಗಿ ಬಳಸಿಕೊಂಡಿತು.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಬಸ್ಸು ಹಾಕಿದರೆ ಜನ ಇನ್ನೂ ಹೆಚ್ಚುವುದಿಲ್ಲವೇ ಎಂಬುದು ಮೊದಲನೆಯದು. ದಿನಕ್ಕೆ 300ರ ಮಿತಿ ಇರುವವರೆಗೆ ಬಸ್ಸಿನಿಂದ ಚಾರಣಿಗರ ಸಂಖ್ಯೆ ಬೆಳೆಯದು. ಬದಲಾಗುವುದು ಬರುವ ಬಗೆ ಮತ್ತು ಬರುವವರ ವರ್ಗ. ಮಿತಿಯೊಂದೇ ಇದ್ದು ಬಸ್ಸು ಇಲ್ಲವಾದರೆ ಬೆಟ್ಟವು ಕಾರುಳ್ಳವರ ಸ್ವತ್ತಾಗುತ್ತದೆ. ನ್ಯಾಯದ ದೃಷ್ಟಿಯಿಂದ ಇದು ಒಪ್ಪತಕ್ಕದ್ದಲ್ಲ. ಸುರಕ್ಷತೆಯ ಪ್ರಶ್ನೆ ಎರಡನೆಯದು. ಮಂಜು ಕವಿದು ಇಳಿಯುವುದು ತಡವಾದರೆ ಕೊನೆಯ ಬಸ್ಸು ಹೋಗಿರುತ್ತದೆ ಎಂಬ ಆತಂಕ ನಿಜವಾದುದೇ. ತಪಾಸಣಾ ಗೇಟಿನ ವೇಳೆಯನ್ನು ಬಸ್ಸಿನ ವೇಳೆಗೆ ಹೊಂದಿಸುವುದೇ ಇದಕ್ಕೆ ಪರಿಹಾರ. ಮೂರನೆಯದು ಸಾರಿಗೆ ಸಂಸ್ಥೆಗಳ ಹಣಕಾಸಿನ ಇಕ್ಕಟ್ಟು. ಚಾರಣಿಗರು ತೆರುವ ಶುಲ್ಕದ ಒಂದು ಪಾಲನ್ನು ಆಯಾ ಮಾರ್ಗದ ಬಸ್ಸಿಗೆ ಮೀಸಲಿಡುವುದು ಅಸಾಧ್ಯವೇನಲ್ಲ.

ಆಗಬೇಕಾದ ಕೆಲಸಗಳು ಸಣ್ಣವು. ಅನುಮತಿ ಪತ್ರದಲ್ಲೇ ಹೋಗಿ ಬರುವ ಬಸ್ಸುಗಳ ವೇಳೆಯನ್ನು ಮುದ್ರಿಸಬೇಕು. ದಿನದ 300 ಅನುಮತಿಗಳಲ್ಲಿ ಒಂದು ಭಾಗವನ್ನು ಬಸ್ಸಿನಲ್ಲಿ ಬರುವವರಿಗೆ ಮೀಸಲಿಡಬೇಕು. ಕೊನೆಯ ಕೆಲವು ಕಿಲೋಮೀಟರ್‌ಗಳಿಗೆ ಊರಿನ ಜೀಪುಗಳಿಗೇ ಅವಕಾಶ ನೀಡಿ, ತಲೆಗಿಷ್ಟು ಎಂದು ದರ ನಿಗದಿಪಡಿಸಿ ನಿಲ್ದಾಣದಲ್ಲಿ ಬರೆದು ಹಾಕಬೇಕು. ಬೆಂಕಿಯ ಭಯದಿಂದಲೋ ಮಳೆಯಿಂದಲೋ ಪಥ ಮುಚ್ಚಿದ್ದರೆ ಆ ಸೂಚನೆಯೂ ಅಲ್ಲಿಯೇ ಕಾಣಬೇಕು. ಇವುಗಳನ್ನು ಎಲ್ಲ ಕಡೆ ಏಕಕಾಲಕ್ಕೆ ಜಾರಿಗೊಳಿಸಬೇಕಾಗಿಲ್ಲ; ಕಳಸ–ಸಂಸೆ ಮಾರ್ಗದಲ್ಲಿ ಒಂದು ಹಂಗಾಮು ಪ್ರಯೋಗಿಸಿ ನೋಡಬಹುದು.

ಕಬ್ಬಿಣದ ಅದಿರಿಗಾಗಿ ಕುದುರೆಮುಖವನ್ನು ಅಗೆಯುವುದು ಸುಪ್ರೀಂ ಕೋರ್ಟ್ ಆದೇಶದ ಮೇರೆಗೆ 2005ರ ಕೊನೆಗೆ ನಿಂತಿತು. ಅದಕ್ಕಾಗಿ ನಡೆದ ಹೋರಾಟ ಸಣ್ಣದಲ್ಲ. ಉದ್ಯೋಗ ಕಳೆದುಕೊಂಡವರು ತೆತ್ತ ಬೆಲೆಯೂ ಸಣ್ಣದಲ್ಲ. ಅಷ್ಟು ಕಷ್ಟದಿಂದ ಉಳಿಸಿಕೊಂಡ ಬೆಟ್ಟದ ಬುಡವನ್ನು ವಾಹನ ನಿಲುಗಡೆಗೆ ಬಿಟ್ಟುಕೊಡುವುದು ವಿಪರ್ಯಾಸವಾದೀತು. ಅರಣ್ಯ ಇಲಾಖೆಯೂ ಸಾರಿಗೆ ಇಲಾಖೆಯೂ ಮುಂದಿನ ಚಾರಣದ ಹಂಗಾಮಿಗೆ ಮೊದಲು ಒಂದೇ ಮೇಜಿನ ಸುತ್ತ ಕುಳಿತು ವೇಳಾಪಟ್ಟಿಯೊಂದನ್ನು ಸಿದ್ಧಪಡಿಸಲಿ. ಅದರಿಂದ ಬೆಟ್ಟಕ್ಕೆ ಆಗುವ ಉಪಕಾರ, ಬೆಳಗಿನ ಬಸ್ಸಿಗಾಗಿ ಕಾಯುವ ತಪ್ಪಲಿನ ಮಕ್ಕಳಿಗೂ ಆಗುತ್ತದೆ.