ಬಂಡೆಯ ಮೇಲೆ ನಮ್ಮ ಹೆಸರು ಯಾಕೆ?



ಪ್ರವಾಸಕ್ಕೆ ಹೋದಾಗ ಕಲ್ಲಿನ ಮೇಲೆ ಹೆಸರು ಕೊರೆಯುವುದು ತಪ್ಪು ಎಂಬುದು ನನ್ನ ಅಭಿಪ್ರಾಯ. ಆ ತಪ್ಪನ್ನು ನಾನೂ ಮಾಡಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಬಾದಾಮಿಗೆ ಹೋಗಿದ್ದೆವು. ಎಲ್ಲರೂ ಗುಹೆ ನೋಡಿದರು, ಮಂಗ್ಯಾಗಳಿಗೆ ಹೆದರಿ ಬುತ್ತಿ ಬಚ್ಚಿಟ್ಟುಕೊಂಡರು. ನನಗೆ ಬಹಳ ಹಿಡಿಸಿದ್ದು ಅಗಸ್ತ್ಯ ತೀರ್ಥದ ಕಡೆಯಿಂದ ಉತ್ತರ ಗುಡ್ಡ ಹತ್ತುವ ದಾರಿ. ಎರಡೂ ಕಡೆ ಕೆಂಪು ಬಂಡೆಗಳು ಗೋಡೆ ಹಂಗ ನಿಂತಾವ. ನಡುವೆ ಇಕ್ಕಟ್ಟಾದ ಕಂದರ. ತಲೆ ಎತ್ತಿದರೆ ಆಕಾಶ ಜಡೆಯ ರಿಬ್ಬನ್ನಿನಷ್ಟೇ ಕಾಣುತ್ತದೆ.

ನಮ್ಮ ಮಸ್ಕಿ ಗುಡ್ಡದ ಬಂಡೆಯೇ ಬೇರೆ, ಬಾದಾಮಿ ಬಂಡೆಯೇ ಬೇರೆ. ನಮ್ಮದು ಭೂಮಿಯ ಒಳಗೆ ಕಾದು ಕರಗಿದ್ದು ಆರಿ ಗಟ್ಟಿಯಾದ ಕಲ್ಲು. ಬಾದಾಮಿಯದು ಮರಳುಗಲ್ಲು. ಕೋಟಿಗಟ್ಟಲೆ ವರ್ಷಗಳ ಹಿಂದೆ ನೀರು ಹೊತ್ತು ತಂದ ಮರಳು ಪದರ ಪದರವಾಗಿ ಕೂತು, ಒತ್ತಿ ಕಲ್ಲಾಯಿತು. ಮರಳಿಗೆ ಅಂಟಿದ ಕಬ್ಬಿಣದ ತುಕ್ಕಿನಿಂದ ಕೆಂಪು ಬಣ್ಣ ಬಂತು. ಆಮೇಲೆ ಬಿರುಕಿನಲ್ಲಿ ಮಳೆನೀರು ಇಳಿದು ಇಳಿದು ಕಂದರವಾಯಿತು. ಅಂದರೆ ನೀರೇ ಕಟ್ಟಿತು, ನೀರೇ ಕೊರೆಯಿತು!

ಅಂಥ ಕಲ್ಲಿನ ಮೇಲೆ ನಾನು ಕೈವಾರದ ಮೊನೆಯಿಂದ ನನ್ನ ಹೆಸರಿನ ಮೊದಲ ಅಕ್ಷರ ಗೀಚಿದೆ. ಕೆಂಪು ಪುಡಿ ಉದುರಿತು. ಆಮೇಲೆ ಮನಸ್ಸಿಗೆ ಕೆಟ್ಟದೆನಿಸಿ ಬಾಟಲಿ ನೀರು ಹಾಕಿ ತಿಕ್ಕಿದೆ. ಅಳಿಸಲಿಲ್ಲ.

ಗೆಳೆಯ ಒಬ್ಬ ಅಂದ: "ಮಸ್ಕ್ಯಾಗ ಅಶೋಕ ಬರಿಸ್ಯಾನ, ಬಾದಾಮ್ಯಾಗ ಮಂಗಳೇಶ ಬರಿಸ್ಯಾನ. ನಾವು ಬರದ್ರ ಏನಾತಲೇ?"

ಆಗ ನನಗೆ ಉತ್ತರ ಹೊಳೆಯಲಿಲ್ಲ. ಈಗ ಹೇಳುತ್ತೇನೆ. 1915ರಲ್ಲಿ ಸಿಕ್ಕ ಮಸ್ಕಿ ಶಾಸನದಲ್ಲಿ ಅಶೋಕನ ಹೆಸರು ಇದೆ, ನಿಜ. ಆದರೆ ಹೆಸರಷ್ಟೇ ಇಲ್ಲ. ಧರ್ಮದಿಂದ ನಡೆದರೆ ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಒಳ್ಳೆಯದನ್ನು ಪಡೆಯಬಹುದು ಎಂಬ ಮಾತು ಇದೆ. ಮಂಗಳೇಶ 578ರಲ್ಲಿ ಮೂರನೇ ಗುಹೆಯ ಶಾಸನ ಬರೆಸಿದ್ದು ಅಷ್ಟು ದೊಡ್ಡ ಗುಹಾಲಯ ಮಾಡಿಸಿದ ಮೇಲೆ. ನನ್ನ ಅಕ್ಷರ ಏನು ಹೇಳುತ್ತದೆ? ಇಲ್ಲಿ ಒಬ್ಬ ದಡ್ಡ ಬಂದಿದ್ದ ಅಂತ ಅಷ್ಟೇ.

ಆದ್ದರಿಂದ ಗೆಳೆಯರೇ, ಮುಂದಿನ ಪ್ರವಾಸಕ್ಕೆ ಒಂದು ನೋಟ್‌ಬುಕ್ ಒಯ್ಯೋಣ. ಹೆಸರು ಅದರ ಮೇಲೆ ಬರೆಯೋಣ, ನೋಡಿದ್ದನ್ನು ಅದರೊಳಗೆ ಬರೆಯೋಣ. ನಮ್ಮ ಮಸ್ಕಿ ಗುಡ್ಡಕ್ಕೂ ಇದೇ ಮಾತು. ಕಲ್ಲನ್ನು ಕಲ್ಲಾಗಿಯೇ ಬಿಡೋಣ.

– ಏಳನೇ ತರಗತಿ ವಿದ್ಯಾರ್ಥಿ, ವಳಕಮದಿನ್ನಿ