ಮಣಿಕಟ್ಟಿನ ಮುರಿತಕ್ಕೆ ಲೋಹಪಟ್ಟಿ ಬೇಕೇ?

ಕಾಲು ಜಾರಿದೊಡನೆ ನಾವು ಅರಿವಿಲ್ಲದೆಯೇ ಕೈಯನ್ನು ಮುಂದಕ್ಕೆ ಚಾಚುತ್ತೇವೆ. ಬೀಳುವ ದೇಹದ ಭಾರವು ಅಂಗೈಯ ಮೂಲಕ ಮುಂಗೈಗೆ ಏರುತ್ತದೆ. ಹೆಬ್ಬೆರಳ ಕಡೆಯಿರುವ ರೇಡಿಯಸ್ ಎಂಬ ಎಲುಬು ಮಣಿಕಟ್ಟಿನ ಬಳಿ ಮುರಿಯುತ್ತದೆ. ಡಬ್ಲಿನ್ನಿನ ಶಸ್ತ್ರವೈದ್ಯ ಏಬ್ರಹಾಂ ಕಾಲೀಸನು 1814ರಲ್ಲಿ ಇದನ್ನು ವರ್ಣಿಸಿದನು. ಎಕ್ಸ್-ಕಿರಣಗಳು ಬೆಳಕಿಗೆ ಬಂದುದು 1895ರಲ್ಲಿ! ಕೈ ತುಸು ಸೊಟ್ಟಗೆ ಉಳಿದರೂ ಕಾಲಾಂತರದಲ್ಲಿ ಅದರ ಚಲನೆ ಮರಳುವುದೆಂದೂ ಆತನು ಅಂದೇ ಹೇಳಿದ್ದನು.

ಕಳೆದ ವರ್ಷ 72 ವಯಸ್ಸಿನ ನನ್ನ ತಾಯಿಯವರು ಹಿತ್ತಲಿನಲ್ಲಿ ಜಾರಿಬಿದ್ದರು. ವೈದ್ಯರೊಬ್ಬರು ಎಕ್ಸ್-ಕಿರಣ ಚಿತ್ರವನ್ನು ಬೆಳಕಿಗೆ ಹಿಡಿದು, ಲೋಹಪಟ್ಟಿ ಕೂರಿಸುವುದೇ ಸರಿಯೆಂದರು. ಭೌತಶಾಸ್ತ್ರದ ಅಧ್ಯಾಪಕನಾದ ನಾನು ಕೂಡಲೇ ಪಟ್ಟಿಯ ಪಕ್ಷಪಾತಿಯಾದೆನು. ಕಾರಣವಿಲ್ಲದೆ ಅಲ್ಲ. ಹಳೆಯ ಬಗೆಯ ಪಟ್ಟಿಯನ್ನು ತಿರುಪುಮೊಳೆಗಳು ಎಲುಬಿಗೆ ಒತ್ತಿ ಹಿಡಿಯುತ್ತವೆ; ಅದರ ಹಿಡಿತ ಬಹುಮಟ್ಟಿಗೆ ಘರ್ಷಣೆಯಿಂದ ಬಂದುದು. ಮುಪ್ಪಿನಿಂದ ಎಲುಬು ಟೊಳ್ಳಾದರೆ ಮೊಳೆ ಸಡಿಲಿ, ಒತ್ತಡ ತಗ್ಗಿ, ಘರ್ಷಣೆಯೂ ತಗ್ಗುತ್ತದೆ. ಹೊಸ ಪಟ್ಟಿಯಲ್ಲಿಯಾದರೋ ಮೊಳೆಯ ತಲೆಗೂ ಪಟ್ಟಿಯ ರಂಧ್ರಕ್ಕೂ ತಿರುಪುಗೆರೆಗಳಿದ್ದು, ಅವು ಒಂದರೊಳಗೊಂದು ಬಿಗಿದುಕೊಳ್ಳುತ್ತವೆ. ಮೊಳೆಯೂ ಪಟ್ಟಿಯೂ ಕೂಡಿ ಒಂದೇ ಚೌಕಟ್ಟಾಗುತ್ತವೆ. ಮಾಳಿಗೆಯನ್ನು ತೊಲೆಗಳು ಹೊರುವಂತೆ ಮೊಳೆಗಳು ಕೀಲಿನ ಮೇಲ್ಮೈಯನ್ನು ಹೊರುತ್ತವೆ. ಅದನ್ನು ಅಂಗೈಯ ಕಡೆಯಿಂದ ಕೂರಿಸುವುದರಿಂದ, ಬೆರಳು ಚಾಚುವ ಸ್ನಾಯುರಜ್ಜುಗಳನ್ನು ಲೋಹ ಉಜ್ಜುವ ಭಯವೂ ಕಡಿಮೆ. (ಮೊಳೆ ಉದ್ದವಾಗಿ ಹಿಂಬದಿಗೆ ಇಣುಕಿದರೆ ಆ ಭಯ ಮರಳಿ ಬರುತ್ತದೆ.)

ಇಷ್ಟು ಸೊಗಸಾದ ಉಪಾಯವು ಎಲ್ಲರಿಗೂ ಅಗತ್ಯವೇ? ಅಲ್ಲವೆಂದೇ ನನ್ನ ಈಗಿನ ಅಭಿಪ್ರಾಯ. ಆಸ್ಟ್ರಿಯದ ಇನ್ಸ್‌ಬ್ರುಕ್ಕಿನ ವೈದ್ಯರು 65 ವರ್ಷ ದಾಟಿದ 73 ಮಂದಿಯಲ್ಲಿ ಕೆಲವರಿಗೆ ಪಟ್ಟಿಯನ್ನೂ ಉಳಿದವರಿಗೆ ಬರಿಯ ಕಟ್ಟನ್ನೂ ಹಾಕಿ, ಫಲವನ್ನು 2011ರಲ್ಲಿ ಪ್ರಕಟಿಸಿದರು. ಪಟ್ಟಿ ಹಾಕಿದವರ ಚಿತ್ರಗಳು ನೇರವಾಗಿದ್ದವು, ಮುಷ್ಟಿಯ ಬಲವೂ ಹೆಚ್ಚಾಗಿತ್ತು. ಆದರೆ ವರ್ಷ ಕಳೆಯುವಷ್ಟರಲ್ಲಿ ನೋವಿನಲ್ಲಿ, ಚಲನೆಯಲ್ಲಿ, ದಿನಬಳಕೆಯಲ್ಲಿ ಹೇಳುವಂತಹ ಭೇದ ಉಳಿದಿರಲಿಲ್ಲ. ತೊಡಕುಗಳು ಮಾತ್ರ ಶಸ್ತ್ರಚಿಕಿತ್ಸೆಯಾದವರಲ್ಲಿ ಹೆಚ್ಚು. ಬ್ರಿಟನ್ನಿನಲ್ಲಿ 461 ಮಂದಿಯ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಚರ್ಮದ ಮೂಲಕ ತೂರಿಸುವ ಅಗ್ಗದ ಉಕ್ಕಿನ ತಂತಿಯೂ ವರ್ಷಾಂತ್ಯಕ್ಕೆ ಪಟ್ಟಿಗೆ ಸಮನಾಯಿತು. ಅಲ್ಲಿ ಆರಿಸಿಕೊಂಡದ್ದು ಕೊಯ್ಯದೆಯೇ ಕೂಡಿಸಬಹುದಾದ ಮುರಿತಗಳನ್ನು ಎಂಬುದನ್ನು ಮರೆಯಬಾರದು. ಆಟದ ಬಯಲಿನಲ್ಲಿ ಬಿದ್ದ ತರುಣನ ಕೀಲಿನ ಮೇಲ್ಮೈ ಒಡೆದು ಮೆಟ್ಟಿಲಿನಂತಾಗಿದ್ದರೆ, ಪಟ್ಟಿ ಬೇಡವೆಂದು ಹಟ ಹಿಡಿಯುವುದು ಅವಿವೇಕ.

ನನ್ನ ಆಕ್ಷೇಪವಿರುವುದು ಚಿತ್ರಕ್ಕೆ ಚಿಕಿತ್ಸೆ ಮಾಡುವ ಅಭ್ಯಾಸದ ಮೇಲೆ. ನಾವು ಕಂಡ ಎರಡನೆಯ ವೈದ್ಯರು ಚಿತ್ರ ನೋಡುವ ಮೊದಲು, "ದಿನವೂ ಈ ಕೈಯಿಂದ ಏನೇನು ಮಾಡುತ್ತೀರಿ?" ಎಂದು ತಾಯಿಯವರನ್ನೇ ಕೇಳಿದರು. ಬಳಿಕ ಎಲುಬನ್ನು ಎಳೆದು ಕೂಡಿಸಿ, ಆರು ವಾರ ಕಟ್ಟು ಹಾಕಿದರು. ಮಣಿಕಟ್ಟು ತುಸು ಸೊಟ್ಟಗಿದೆ. ಅವರು ಮಜ್ಜಿಗೆ ಕಡೆಯುತ್ತಾರೆ, ಹೂ ಕಟ್ಟುತ್ತಾರೆ. ಒದ್ದೆ ಸೀರೆ ಹಿಂಡುವುದಕ್ಕೆ ಮಾತ್ರ ನನ್ನನ್ನು ಕರೆಯುತ್ತಾರೆ.